ಅಮ್ಮನ ಟ್ಯಾಬ್ ಯಾಕೆ ಚಾರ್ಜ್ ಆಗ್ತಿರಲಿಲ್ಲ

ಡೊಂಬಿವಲಿಯ ನಮ್ಮ ಮನೆಗೆ ಹೊಸ ಟ್ಯಾಬ್ ಬಂದ ವಾರದಲ್ಲೇ ಅಮ್ಮನ ದೂರು ಶುರು: "ಎಂಥದಾ ಮಾರಾಯ ಇದು, ಎಷ್ಟು ಹೊತ್ತು ಚುಚ್ಚಿಟ್ಟರೂ ಇದರ ಹೊಟ್ಟೆ ತುಂಬುವುದಿಲ್ಲ!" ಊಟ ಮುಗಿಸಿ ಚಾರ್ಜಿಗೆ ಹಾಕಿ ಯಕ್ಷಗಾನ ನೋಡುತ್ತ ಕೂತರೆ, ಸಂಜೆಗೆ 31 ಇದ್ದದ್ದು 38 ಆಗಿರುತ್ತಿತ್ತು, ಅಷ್ಟೇ.

ಬ್ಯಾಟರಿಯೇ ಕೆಟ್ಟಿದೆ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೊರಟಿದ್ದೆ. ಸದ್ಯ, ಹೋಗಲಿಲ್ಲ. ಡಬ್ಬಿಯಲ್ಲಿ ಚಾರ್ಜರ್ ಇರಲಿಲ್ಲವೆಂದು ಅಮ್ಮ ಹಳೇ ಫೋನಿನದ್ದನ್ನೇ ಸಿಕ್ಕಿಸಿದ್ದರು. ಟಾರ್ಚ್ ಬಿಟ್ಟು ಅದರ ಬೆನ್ನಿನ ಇರುವೆಯಂಥ ಅಕ್ಷರ ಓದಿದೆ: 5 ವೋಲ್ಟ್, 1 ಆ್ಯಂಪ್. ಅಂದರೆ ಬರೀ 5 ವ್ಯಾಟ್! ಟ್ಯಾಬಿನ 8,000 ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ) ಬ್ಯಾಟರಿ ತುಂಬಲು ಸುಮಾರು 30 ವ್ಯಾಟ್-ಅವರ್ ಬೇಕು, ಅಂದರೆ 30 ವ್ಯಾಟ್ ಒಂದು ಗಂಟೆ ಹರಿದಷ್ಟು ವಿದ್ಯುತ್. 5 ವ್ಯಾಟಿನಲ್ಲಾದರೆ ಪರದೆ ಆರಿಸಿಟ್ಟರೂ ಆರೇಳು ಗಂಟೆ. ವಿಡಿಯೊ ಓಡುತ್ತಿದ್ದರೆ ಬಂದದ್ದೆಲ್ಲ ಅಲ್ಲೇ ಖರ್ಚು.

ನನ್ನ ಲ್ಯಾಪ್‌ಟಾಪಿನ 45 ವ್ಯಾಟ್ ಟೈಪ್-ಸಿ ಚಾರ್ಜರ್ ಹಾಕಿ ನೋಡಿದೆ. "ಸುಟ್ಟುಹೋದೀತು" ಅಂದರು ಅಮ್ಮ. ಹಾಗಾಗುವುದಿಲ್ಲ, ಟ್ಯಾಬ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಆಮೇಲೆ 25 ವ್ಯಾಟಿನದ್ದೊಂದು ತಂದೆ, ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಸಮೇತ. ಈಗ ಮೂರು ಗಂಟೆಯೊಳಗೆ ಭರ್ತಿ.

ಹಳೇ ಚಾರ್ಜರನ್ನು ಎಸೆಯಲು ಮಾತ್ರ ಅಮ್ಮ ಬಿಡಲಿಲ್ಲ.