ಶೆರ್ರಿ ಪೀಪಾಯಿಯ ರಮ್ ಸವಿಯುವುದು ಹೀಗೆ

ಮೊನ್ನೆ ಭಾನುವಾರ ಮಲ್ಲೇಶ್ವರದ ಮನೆಯಲ್ಲಿ ಅಣ್ಣ ತಂದಿದ್ದ ಜಮೈಕಾ ರಮ್ ತೆರೆದೆವು. ಇದು ಡಿಸ್ಟಿಲರಿಯವರೇ ತುಂಬಿಸಿದ್ದಲ್ಲ. ಬೇರೊಬ್ಬರು ರಮ್ ತುಂಬಿದ ಪೀಪಾಯಿ ಕೊಂಡು, ಕೊನೆಗೆ ಸ್ಪೇನಿನ ಶೆರ್ರಿ ವೈನ್ ಇದ್ದ ಪೀಪಾಯಿಯಲ್ಲಿ ಕೆಲಕಾಲ ಇಟ್ಟು, ತಮ್ಮ ಹೆಸರಲ್ಲಿ ಬಾಟಲಿ ಮಾಡಿದ್ದು.

ಲೇಬಲ್ ನೋಡಿ. ನಮ್ಮದರಲ್ಲಿ ಆಲ್ಕೋಹಾಲ್ 57% ಇತ್ತು. ನಮ್ಮ ಮಾಮೂಲಿ ರಮ್ 42.8%. ಹಾಗಾಗಿ ಬಾಯಿ ಕಿರಿದಾದ ಲೋಟಕ್ಕೆ 20 ಎಂಎಲ್ ಸಾಕು. ಕೋಲಾ, ಐಸ್ ಬೇಡ. ಹತ್ತು ನಿಮಿಷ ಸುಮ್ನೆ ಬಿಡಿ.

ಮೂಗನ್ನು ಲೋಟದೊಳಗೆ ತೂರಿಸಬೇಡಿ, ಉರಿಯುತ್ತದೆ. ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು ಮೂಸಿ. ನನಗೆ ಮೊದಲು ಬಂದದ್ದು ಕಪ್ಪು ಚುಕ್ಕಿ ಬಿದ್ದ, ತೀರಾ ಕಳಿತ ಪಚ್ಚಬಾಳೆಯ ವಾಸನೆ. ಅದು ಜಮೈಕಾದ್ದು, ಹುಳಿ ಬರಿಸುವಾಗ ಹುಟ್ಟುವ ಎಸ್ಟರ್ ಎಂಬ, ಹಣ್ಣಿನ ವಾಸನೆ ಕೊಡುವ ರಾಸಾಯನಿಕಗಳ ಕೆಲಸ. ಆಮೇಲೆ ಒಣದ್ರಾಕ್ಷಿ, ಅಂಜೂರ, ಅಕ್ರೋಟು. ಅದು ಶೆರ್ರಿಯದು. ಎರಡನ್ನೂ ಬೇರೆ ಬೇರೆ ಹಿಡಿಯೋದೇ ಖುಷಿ, ಅಲ್ವಾ?

ಚಿಕ್ಕ ಗುಟುಕು ತಗೊಂಡು, ಹತ್ತು ಎಣಿಸುವವರೆಗೆ ನಾಲಿಗೆ ಮೇಲಿಡಿ. ಖಾರ ಜಾಸ್ತಿ ಅನಿಸಿದರೆ ಎರಡು ಹನಿ ನೀರು ಬಿಡಿ. ಬೋರ್‌ವೆಲ್ ನೀರು ಬೇಡ, ಫಿಲ್ಟರ್ ನೀರೇ ಇರಲಿ. ಶೆರ್ರಿಯ ಸಿಹಿ ರಮ್ಮನ್ನೇ ಮುಚ್ಚಿಬಿಟ್ಟರೆ ಆ ಬಾಟಲಿ ನನಗೆ ಹಿಡಿಸುವುದಿಲ್ಲ.

ಖಾಲಿ ಲೋಟ ರಾತ್ರಿ ತೊಳೆಯಬೇಡಿ. ಬೆಳಿಗ್ಗೆ ಮೂಸಿ. ನಮ್ಮದರಲ್ಲಿ ಬೆಲ್ಲದ ವಾಸನೆ ಉಳಿದಿತ್ತು.