ನಮ್ಮ ಬೀದಿಗೆ ಹ್ಯಾಲೋವೀನ್ ಮಕ್ಕಳು ವಾಪಸ್ ಬಂದರು

ಹೋದ ಹ್ಯಾಲೋವೀನ್‌ಗೆ ನಮ್ಮ ಮನೆಗೆ ವೇಷ ಹಾಕ್ಕೊಂಡು ಕ್ಯಾಂಡಿ ಕೇಳೋಕೆ ಹತ್ತಿರ ಹತ್ತಿರ 130 ಮಕ್ಕಳು ಬಂದರು. 2017ರಲ್ಲಿ, ಶಿಕಾಗೋ ಪಕ್ಕದ ಈ ಊರಲ್ಲಿ ಮನೆ ತಗೊಂಡ ವರ್ಷ, ಬಂದದ್ದು ಒಂಬತ್ತೋ ಹತ್ತೋ. ಕನ್ನಡ ಕೂಟದ ಗೆಳೆಯರು, ಈಗೆಲ್ಲ ಪಾರ್ಕಿಂಗ್ ಲಾಟಲ್ಲಿ ಡಿಕ್ಕಿ ತೆಗೆದಿಟ್ಟು ಕ್ಯಾಂಡಿ ಹಂಚ್ತಾರೆ, ಮನೆ ಮನೆ ಸುತ್ತೋ ಕಾಲ ಮುಗೀತು, ಸುಮ್ನೆ ದುಡ್ಡು ದಂಡ ಅಂದಿದ್ದರು.

ಮೊದಲ ವರ್ಷ ಕೈಯಾರೆ ಕಡಲೆಕಾಯಿ ಚಿಕ್ಕಿ ಮಾಡಿ, ಬಟರ್ ಪೇಪರಲ್ಲಿ ಸುತ್ತಿ ಇಟ್ಟೆ. ಒಬ್ಬ ತಾಯಿ ಮಗುವಿನ ಚೀಲದಿಂದ ಅದನ್ನ ಮೆಲ್ಲಗೆ ತೆಗೆದು ನನ್ನ ಕೈಗೇ ಕೊಟ್ಟರು. ಕಡಲೆಕಾಯಿ ಅಲರ್ಜಿ ಒಂದು, ಮನೇಲಿ ಮಾಡಿದ್ದು ಅನ್ನೋದು ಇನ್ನೊಂದು.

ಪಕ್ಕದ ಮನೆ ಅಜ್ಜಿ ಆಮೇಲೆ ಬಿಡಿಸಿ ಹೇಳಿದರು. 1950ರ ದಶಕದಲ್ಲಿ ಅವರು ಚಿಕ್ಕವರಿದ್ದಾಗ ದೊಡ್ಡವರು ಯಾರೂ ಜೊತೆಗೆ ಬರುತ್ತಿರಲಿಲ್ಲವಂತೆ. ದಿಂಬಿನ ಕವರೇ ಚೀಲ, ಸಿಗುತ್ತಿದ್ದದ್ದು ಸೇಬು, ಮನೇಲೇ ಕಟ್ಟಿದ ಪಾಪ್‌ಕಾರ್ನ್ ಉಂಡೆ. 1982ರಲ್ಲಿ ಇದೇ ಶಿಕಾಗೋ ಸುತ್ತಮುತ್ತ ಯಾರೋ ಟೈಲೆನಾಲ್ ಅನ್ನೋ ನೋವಿನ ಮಾತ್ರೆಗೆ ಸಯನೈಡ್ ಬೆರೆಸಿ ಏಳು ಜನ ಸತ್ತರಲ್ಲ, ಅದಾದ ತಿಂಗಳಿಗೇ ಹ್ಯಾಲೋವೀನ್. ಆ ವರ್ಷ ಅಜ್ಜಿ ತಮ್ಮ ಮಕ್ಕಳನ್ನ ಹೊರಗೇ ಬಿಡಲಿಲ್ಲ. ಅಲ್ಲಿಂದಾಚೆ ಅವರ ಮನೇಲಿ ಕಂಪನಿ ಪ್ಯಾಕಿಂಗ್ ಇಲ್ಲದ್ದು ಸೀದಾ ಕಸಕ್ಕೆ.

2018ಕ್ಕೆ ದೊಡ್ಡ ಚಾಕ್‌ಲೇಟ್ ಬಾರ್ ತಂದೆ. 30ರ ಬಾಕ್ಸ್ ಮೂರು, ಸುಮಾರು 75 ಡಾಲರ್. ಮಕ್ಕಳು ಬಂದದ್ದು 25. 2019ರಲ್ಲಿ ಅವತ್ತೇ ಹಿಮ ಸುರಿದು ಎಲ್ಲ ದಂಡ. 2020ರಲ್ಲಿ ಕೋವಿಡ್ ಅಂತ, ದೂರದಿಂದಲೇ ಬಾರ್ ಜಾರಿಸಿ ಕೊಡೋಕೆ, ಜಗಲಿಯಿಂದ ಪಿವಿಸಿ ಪೈಪ್ ಇಳಿಬಿಟ್ಟೆ. ಎರಡಿಂಚಿನದು, ಬಾರ್ ಬೆಂಡಲ್ಲೇ ಸಿಕ್ಕಿಕೊಂಡಿತು. ಕೋಲು ಹಾಕಿ ತಳ್ಳಿದರೆ ಚಾಕ್‌ಲೇಟ್ ಪುಡಿ. ಮತ್ತೆ ನಾಲ್ಕಿಂಚಿನ ಪೈಪಿಗೆ ಇನ್ನೊಂದು 20 ಡಾಲರ್.

ದಾರಿ ಸಿಕ್ಕಿದ್ದು 2021ರಲ್ಲಿ. ಈಗ ಮಕ್ಕಳ ಹಿಂದೆ ಅಪ್ಪ ಅಮ್ಮ ಇದ್ದೇ ಇರುತ್ತಾರೆ ಅಲ್ವಾ? ಅವರನ್ನ ನಿಲ್ಲಿಸಿದರೆ ಮಕ್ಕಳೂ ನಿಲ್ಲುತ್ತಾರೆ. ಬೆಲ್ ಒತ್ತಲಿ ಅಂತ ಒಳಗೆ ಕಾಯೋದು ಬಿಟ್ಟು ಡ್ರೈವ್‌ವೇ ತುದಿಗೇ ಮೇಜು ಹಾಕಿದೆ, ಪಕ್ಕದಲ್ಲಿ ಫೈರ್ ಪಿಟ್, ದೊಡ್ಡವರಿಗೆ ಬಿಸಿ ಆಪಲ್ ಸೈಡರ್. ಇನ್ನೊಂದು ವಿಷಯ, ಸಾಲಾಗಿ ಮೂರು ಮನೆ ದೀಪ ಆರಿದ್ದರೆ ಜನ ಅಲ್ಲಿಂದಲೇ ತಿರುಗಿಬಿಡುತ್ತಾರೆ. ನಮ್ಮ ಸಾಲಿನ ಆರು ಮನೆಯವರೂ ದೀಪ ಹಚ್ಚಿ ಹೊರಗೆ ಕೂರೋ ಹಾಗೆ ಮಾಡಿದ್ದು ನಾನೇ. ಹೇಗೆ ಒಪ್ಪಿಸಿದೆ ಅಂತ ಮಾತ್ರ ಇಲ್ಲಿ ಬರೆಯಲ್ಲ.

ಅಲರ್ಜಿ ಇರೋ ಮಕ್ಕಳಿಗೆ ಬೇರೆ ಬುಟ್ಟಿ, ಅದರ ಗುರುತಿಗೆ ನೀಲಿ-ಹಸಿರು ಬಣ್ಣ ಬಳಿದ ಕುಂಬಳಕಾಯಿ. ಅದರಲ್ಲಿ ಸ್ಟಿಕರ್, ಹೊಳೆಯೋ ಕಡ್ಡಿ. 12 ಡಾಲರಲ್ಲಿ ಮುಗಿಯಿತು, ಸಣ್ಣ ಮಕ್ಕಳು ಚಾಕ್‌ಲೇಟ್ ಬಿಟ್ಟು ಅದಕ್ಕೇ ಕೈ ಹಾಕಿದರು!

2023ರಲ್ಲಿ ದಸರೆ ಮುಗಿದು ವಾರವಷ್ಟೇ ಆಗಿತ್ತು. ಗೊಂಬೆ ಎತ್ತಿಡುವ ಮೊದಲು, ನೋಡೋಣ ಅಂತ ಐದು ಮೆಟ್ಟಿಲು ಗರಾಜಿಗೆ ಸಾಗಿಸಿದೆ. ಅವತ್ತೂ ಹಿಮ. ಚಳಿಗೆ ಒಳಗೆ ಬಂದ ಮಕ್ಕಳು ಪಟ್ಟದ ಗೊಂಬೆ ಮುಂದೆ ಕೂತೇಬಿಟ್ಟರು. ಅಸ್ಥಿಪಂಜರದ ಡ್ರೆಸ್ ಹಾಕಿದ್ದ ಒಬ್ಬ ಹುಡುಗ ಶೆಟ್ಟಿ ಗೊಂಬೆ ಮುಂದಿನ ಅಕ್ಕಿ-ಬೇಳೆ ಎಣಿಸುತ್ತಾ ಏಳಲೇ ಇಲ್ಲ. ಹೋದ ಸಲ ಅವನು ಮೇಜಿನ ಹತ್ತಿರ ಬಂದು ಮೊದಲು ಕೇಳಿದ್ದೇ, ಗೊಂಬೆ ಇಟ್ಟಿದ್ದೀರಾ ಅಂತ. ಮೈಸೂರಲ್ಲಿ ದಸರೆಗೆ ಮನೆ ಮನೆ ಗೊಂಬೆ ನೋಡಿ ತಿಂಡಿ ಇಸ್ಕೊಳ್ಳೋ ಚರ್ಪಿಗೆ ಹೋದಾಗ ನಾವು ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದೂ ಅದನ್ನೇ. ಈ ಸಲ ಏಳು ಮೆಟ್ಟಿಲು, ಬಾರ್ ಬಾಕ್ಸ್ ಐದು.