ಮನೆಯ ಕಾರಂಜಿ: ನೀರು ತುಂಬಿಸಿದರೆ ಸಾಲದು, ಬದಲಿಸಬೇಕು

ಮನೆಯೊಳಗಿನ ಪುಟ್ಟ ಕಾರಂಜಿ ಕೆಟ್ಟು ಮೂಲೆ ಸೇರುವುದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ನೀರು ಕಮ್ಮಿಯಾಗಿ ಪಂಪ್ ಸುಟ್ಟುಹೋಗಿರುತ್ತದೆ, ಇಲ್ಲಾ ಒಳಗೆ ಉಪ್ಪು ಕಟ್ಟಿ, ಲೋಳೆ ತುಂಬಿ ತಿರುಗದೆ ನಿಂತಿರುತ್ತದೆ. ಎರಡನ್ನೂ ತಪ್ಪಿಸಬಹುದು, ಅದೂ ದೊಡ್ಡ ಕೆಲಸವೇನಲ್ಲ.

ಮೊದಲು ನೀರಿನ ಮಟ್ಟ. ಈ ಪಂಪ್ ನೀರಲ್ಲಿ ಮುಳುಗಿಯೇ ಕೆಲಸ ಮಾಡಬೇಕು, ಅದನ್ನು ತಣ್ಣಗಿಡುವುದೂ ಸುತ್ತಲಿನ ನೀರೇ. ಫ್ಯಾನ್ ಗಾಳಿ, ಏಸಿ, ಬಿಸಿಲು ಇದ್ದರೆ ನೀರು ನೀವು ಅಂದುಕೊಂಡದ್ದಕ್ಕಿಂತ ಬೇಗ ಇಂಗುತ್ತದೆ. ಹಾಗಾಗಿ ದಿನಕ್ಕೊಮ್ಮೆ ಸುಮ್ನೆ ಇಣುಕಿ ನೋಡಿ. ಗೊರಗೊರ ಅಂತ ಸದ್ದು ಶುರುವಾದರೆ ಪಂಪ್ ನೀರಿನ ಜೊತೆ ಗಾಳಿಯನ್ನೂ ಎಳೀತಿದೆ ಅಂತ ಅರ್ಥ, ಆಗ ತಡ ಮಾಡಬೇಡಿ.

ಆದರೆ ಬರೀ ಮೇಲಿಂದ ನೀರು ಸೇರಿಸುತ್ತಾ ಹೋದರೂ ತೊಂದರೆ. ಆವಿಯಾಗಿ ಹೋಗುವುದು ನೀರು ಮಾತ್ರ, ಅದರಲ್ಲಿದ್ದ ಸುಣ್ಣದಂಶ, ಉಪ್ಪಿನಂಶ ಎಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ, ಮತ್ತೆ ನೀರು ಹಾಕಿದಾಗ ಇನ್ನಷ್ಟು ಸೇರುತ್ತದೆ, ಹೀಗೆ ವಾರಗಟ್ಟಲೆ ನಡೆದರೆ ತೊಟ್ಟಿಯ ನೀರು ನಿಮ್ಮ ನಲ್ಲಿ ನೀರಿಗಿಂತ ತುಂಬಾ ಗಡಸಾಗಿಬಿಡುತ್ತದೆ. ಅಂಚಿನಲ್ಲಿ ಕಾಣುವ ಬಿಳಿ ಪದರ ಅದೇ. ಎರಡು ವಾರಕ್ಕೊಮ್ಮೆ ಹಳೇ ನೀರನ್ನು ಪೂರ್ತಿ ಚೆಲ್ಲಿ ಹೊಸದು ಹಾಕುವುದು ಒಳ್ಳೆಯ ಅಭ್ಯಾಸ. ಡಿಸ್ಟಿಲ್ಡ್ ನೀರು ಅಥವಾ ಆರ್‌ಒ ನೀರು ಸಿಕ್ಕರೆ ಕಲೆ ತುಂಬಾ ಕಮ್ಮಿ. ಬೋರ್‌ವೆಲ್ ನೀರನ್ನೇ ಬಳಸುವುದಾದರೆ ಇನ್ನೂ ಬೇಗ ಬದಲಿಸಿ, ಅಷ್ಟೇ.

ಈಗ ಪಂಪ್. ಇದನ್ನು ತಿಂಗಳಿಗೊಮ್ಮೆಯಾದರೂ ಬಿಚ್ಚಿ ತೊಳೆಯಬೇಕು. ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿ. ಸ್ವಿಚ್ ಆಫ್ ಮಾಡಿದ್ದೀನಲ್ವಾ ಅಂತ ಬಿಡಬೇಡಿ, ಪ್ಲಗ್ಗೇ ಹೊರಗಿರಲಿ. ಪಂಪಿನ ಮುಂದಿನ ಮುಚ್ಚಳ ಕೈಯಲ್ಲೇ ಎಳೆದರೆ ಅಥವಾ ಸ್ವಲ್ಪ ತಿರುಗಿಸಿದರೆ ಬರುತ್ತದೆ. ಒಳಗೆ ಪುಟ್ಟ ರೆಕ್ಕೆಗಳಿರುವ ಒಂದು ತಿರುಗುವ ತುಂಡು ಇರುತ್ತದೆ, ಅದೇ ಇಂಪೆಲ್ಲರ್. ಅದರ ಹಿಂಭಾಗ ಆಯಸ್ಕಾಂತ, ಆದ್ದರಿಂದ ಎಳೆಯುವಾಗ ಹಿಡಿದಿಟ್ಟ ಹಾಗೆ ಅನ್ನಿಸುತ್ತದೆ, ಹೆದರಬೇಡಿ, ನೇರವಾಗಿ ಎಳೆಯಿರಿ. ನಡುವಿನ ಕಡ್ಡಿ ಕೆಲವು ಪಂಪುಗಳಲ್ಲಿ ಸೆರಾಮಿಕ್‌ನದ್ದು, ಬಗ್ಗಿಸಿದರೆ ಮುರಿಯುತ್ತದೆ. ಆ ಕಡ್ಡಿಗೆ ಸುತ್ತಿಕೊಂಡ ಕೂದಲು, ಇಂಪೆಲ್ಲರ್ ಕೂರುವ ಗುಳಿಯ ಗೋಡೆಗೆ ಅಂಟಿದ ಕಂದು ಲೋಳೆ, ಇವೇ ಪಂಪ್ ನಿಲ್ಲಿಸುವ ಅಸಲಿ ಕಳ್ಳರು. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಗುಳಿಗೆ ಕಿವಿ ಒರೆಸುವ ಹತ್ತಿಕಡ್ಡಿ ಹಾಕಿ ತಿರುಗಿಸಿ. ನೀರು ಎಳೆಯುವ ಕಡೆ ಸ್ಪಾಂಜ್ ಇದ್ದರೆ ಅದನ್ನೂ ಹಿಂಡಿ ತೊಳೆಯಿರಿ.

ಬಿಳಿ ಪದರ ಗಟ್ಟಿಯಾಗಿದ್ದರೆ ಬಿಳಿ ವಿನೆಗರ್ ಮತ್ತು ನೀರು ಸಮ ಸಮ ಬೆರೆಸಿ, ಬಿಚ್ಚಿದ ಪ್ಲಾಸ್ಟಿಕ್ ತುಂಡುಗಳನ್ನು ಅರ್ಧ ಗಂಟೆ ನೆನೆಸಿ, ಉಜ್ಜಿ, ಚೆನ್ನಾಗಿ ತೊಳೆಯಿರಿ. ನಿಮ್ಮ ಕಾರಂಜಿ ಅಮೃತಶಿಲೆಯದ್ದೋ ಸುಣ್ಣದಕಲ್ಲಿನದ್ದೋ ಆಗಿದ್ದರೆ ಮಾತ್ರ ವಿನೆಗರ್ ಸೋಕಿಸಲೇಬೇಡಿ, ಕಲ್ಲಿನ ಹೊಳಪನ್ನೇ ತಿಂದುಹಾಕುತ್ತದೆ. ಇನ್ನೊಂದು ಮಾತು, ಇದು ತುಂಬಾ ಮುಖ್ಯ: ವಿನೆಗರ್ ಮತ್ತು ಬ್ಲೀಚ್ ಯಾವತ್ತೂ ಒಟ್ಟಿಗೆ ಸೇರಬಾರದು. ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ಮತ್ತೆ ಜೋಡಿಸಿ ನೀರಿಗಿಟ್ಟ ಮೇಲೂ ನೀರು ಮೇಲೆ ಬರದಿದ್ದರೆ ಪಂಪ್ ಹೋಯ್ತು ಅಂತ ಹೊಸದು ತರಲು ಓಡಬೇಡಿ. ಹೆಚ್ಚಾಗಿ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಪ್ಲಗ್ ತೆಗೆದು, ನೀರೊಳಗೇ ಪಂಪನ್ನು ಓರೆ ಮಾಡಿ ಅಲ್ಲಾಡಿಸಿ, ಗುಳ್ಳೆ ಹೊರಬಂದ ಮೇಲೆ ಮತ್ತೆ ಹಾಕಿ ನೋಡಿ.

ಪಾಚಿಗೆ ಬೆಳಕು ಬೇಕು. ಕಾರಂಜಿಯನ್ನು ನೇರ ಬಿಸಿಲಿನಿಂದ ಸರಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಪಾಚಿ ಕೊಲ್ಲುವ ಔಷಧಿ ಹಾಕುವ ಮುಂಚೆ ಡಬ್ಬಿ ಮೇಲಿನದ್ದನ್ನು ಓದಿ, ಅದರಲ್ಲೂ ಬೆಕ್ಕು, ನಾಯಿ, ಹಕ್ಕಿ ಆ ನೀರು ಕುಡಿಯುವುದಾದರೆ. ನನ್ನ ಕೇಳಿದರೆ ಬ್ರಷ್ ಮತ್ತು ಹೊಸ ನೀರೇ ಸಾಕು.

ಸೊಳ್ಳೆ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಹರಿಯುವ ನೀರು ಸೊಳ್ಳೆಗೆ ಹಿಡಿಸುವುದಿಲ್ಲ, ಪಂಪ್ ನಿಲ್ಲಿಸಿದ ತೊಟ್ಟಿ ಹಿಡಿಸುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ತೊಟ್ಟಿಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ, ಅವು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಅದಕ್ಕೇ ನೀರು ಚೆಲ್ಲಿದ ಮೇಲೆ ಒಳಗೋಡೆಯನ್ನು ಗಸಗಸ ಉಜ್ಜಲೇಬೇಕು.

ವೈರ್ ಕಡೆಗೂ ಒಮ್ಮೆ ಕಣ್ಣಾಡಿಸಿ. ಪ್ಲಗ್‌ಗೆ ಹೋಗುವ ಮುಂಚೆ ಅದು ಸ್ವಲ್ಪ ಕೆಳಗೆ ಜೋತು ಮತ್ತೆ ಮೇಲೇರುವ ಹಾಗಿರಲಿ, ವೈರಿಗುಂಟ ಇಳಿದ ನೀರು ಸಾಕೆಟ್ ಸೇರದೆ ಅಲ್ಲೇ ತೊಟ್ಟಿಕ್ಕುತ್ತದೆ. ಎಲ್ಲೇ ಸಿಪ್ಪೆ ಬಿಟ್ಟಿದ್ದರೂ ಟೇಪ್ ಸುತ್ತಿ ನೀರಿಗಿಡಬೇಡಿ, ಪಂಪ್ ಬದಲಿಸಿ.

ಕೆಲವು ದಿನ ಊರಿಗೆ ಹೋಗುವುದಾದರೆ ಪ್ಲಗ್ ತೆಗೆದು, ನೀರೆಲ್ಲ ಚೆಲ್ಲಿ, ಪಂಪ್ ತೊಳೆದು ಒಣಗಿಸಿ, ತೊಟ್ಟಿಯನ್ನು ಒರೆಸಿ ಹೋಗಿ.